ಎರಡನೆಯ ಸರದಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಶೋಧನಾ ಫೆಲೋಶಿಪ್ ಒಂದರ ಅರ್ಜಿಗೆ ಶಿಫಾರಸು ಪತ್ರ ಬೇಕೆಂದು ಮನೆಗೆ ಬಂದಿದ್ದಳು. ಗ್ರಾಮ ಪಂಚಾಯಿತಿಯಲ್ಲಿ 30 ತಿಂಗಳು ಅಧ್ಯಕ್ಷೆಯಾಗಿದ್ದು, ಮೀಸಲಾತಿ ಬೇರೆ ವರ್ಗಕ್ಕೆ ಸರಿದ ಮೇಲೆ ಕುರ್ಚಿಯಿಂದ ಇಳಿದ ಹೆಣ್ಣುಮಕ್ಕಳು ಆಮೇಲೆ ಏನು ಮಾಡುತ್ತಾರೆ, ಊರು ಅವರನ್ನು ಹೇಗೆ ನೆನೆಯುತ್ತದೆ ಎಂಬುದು ಅವಳು ಆರಿಸಿಕೊಂಡ ವಿಷಯ. ಅರ್ಜಿಯ ಬಹುಪಾಲು ಅಂಕಣಗಳನ್ನು ಅಚ್ಚುಕಟ್ಟಾಗಿ ತುಂಬಿದ್ದ ಅವಳು ಎರಡನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಒಂದು, ಅಧ್ಯಯನದಿಂದ ನಿರೀಕ್ಷಿಸುವ ಫಲಿತಾಂಶ. ಇನ್ನೊಂದು, ಹನ್ನೆರಡು ತಿಂಗಳೊಳಗೆ ಆ ಫಲಿತಾಂಶವನ್ನು ತಲುಪುವ ಬಗೆ. "ಇಳಿದವರನ್ನು ಊರು ಹೇಗೆ ನೆನೆಯುತ್ತದೆ ಎಂದು ತಿಳಿಯಬೇಕಾದರೆ ಅವರು ಇಳಿದು ಒಂದಷ್ಟು ಕಾಲವಾದರೂ ಕಳೆಯಬೇಕಲ್ಲವೇ ಮೇಡಂ?" ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಅರ್ಜಿಯ ಅಂಕಣದಲ್ಲಿ ಅದು ಹಿಡಿಸುವಂತಿರಲಿಲ್ಲ. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾಯಕತ್ವದ ಅಧ್ಯಯನ ಎಂದೊಡನೆ ನಮ್ಮಲ್ಲಿ ಹಲವರಿಗೆ ಕಂಪನಿಗಳ ತರಬೇತಿ ಶಿಬಿರಗಳು, ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಠ್ಯಗಳು ನೆನಪಾಗುತ್ತವೆ. ಆದರೆ ಕಳೆದ ಕಾಲು ಶತಮಾನದಲ್ಲಿ ಈ ವಿಷಯದಲ್ಲಿ ಜಗತ್ತು ಕಲಿತ ಗಟ್ಟಿಯಾದ ಪಾಠಗಳಲ್ಲಿ ಕೆಲವು ನಮ್ಮ ದೇಶದ ಹಳ್ಳಿಗಳ ಪಂಚಾಯಿತಿ ಕಚೇರಿಗಳಿಂದಲೇ ಬಂದಿವೆ. ಆ ಅಧ್ಯಯನಗಳನ್ನು ಮಾಡಿದವರಿಗೆ ವಿದ್ವತ್ ಲೋಕದ ದೊಡ್ಡ ದೊಡ್ಡ ಪ್ರಶಸ್ತಿಗಳೂ ಸಂದಿವೆ. ನಮ್ಮ ರಾಜ್ಯಕ್ಕೂ ಅವುಗಳಿಗೂ ಇರುವ ನಂಟು ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು.

ಕತೆಯ ಒಂದು ತುದಿ ಕರ್ನಾಟಕದಲ್ಲಿದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿಟ್ಟಿತು. ಆ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ಸಭೆಯ ಹಾಸಿನ ಮೇಲೆ ಕುಳಿತರು. ದೇಶದಾದ್ಯಂತ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿ ತಂದ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲಿನಲ್ಲಿ, ಅಂದರೆ ನಮ್ಮವರು ಆಗಲೇ ಆರು ವರ್ಷದ ಅನುಭವ ಪಡೆದಿದ್ದರು. ನಜೀರ್ ಸಾಬರನ್ನು ಜನ 'ನೀರ್ ಸಾಬ್' ಎಂದು ಕರೆಯುತ್ತಿದ್ದುದು ಊರೂರಿಗೆ ಕೊಳವೆ ಬಾವಿ ಕೊರೆಸಿದ್ದಕ್ಕಾಗಿ. ಹೆಣ್ಣಿನ ಕೈಗೆ ಪಂಚಾಯಿತಿಯ ಅಧಿಕಾರ ಕೊಟ್ಟರೆ ಊರಿಗೆ ಏನು ಬರುತ್ತದೆ ಎಂದು ಮುಂದೆ ಸಂಶೋಧಕರು ಅಳೆಯಲು ಹೊರಟಾಗ ಮೊದಲು ಸಿಕ್ಕ ಉತ್ತರವೂ ನೀರೇ ಆಗಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಆ ಅಳತೆ ಸಾಧ್ಯವಾದದ್ದು ಕಾನೂನಿನ ಒಂದು ವಿಶೇಷದಿಂದ. ಯಾವ ಪಂಚಾಯಿತಿಯ ಮುಖ್ಯಸ್ಥ ಸ್ಥಾನ ಈ ಸಲ ಮಹಿಳೆಗೆ ಮೀಸಲು ಎಂಬುದನ್ನು ಊರಿನವರಾಗಲಿ, ಪಕ್ಷದವರಾಗಲಿ ತೀರ್ಮಾನಿಸುವುದಿಲ್ಲ; ಅದು ಸರದಿಯಂತೆ ಬರುತ್ತದೆ. ಆದ್ದರಿಂದ ಮೀಸಲಾದ ಊರಿಗೂ ಆಗದ ಊರಿಗೂ ನಡುವೆ ಕಾಣುವ ವ್ಯತ್ಯಾಸವನ್ನು ಮುಖ್ಯಸ್ಥೆ ಹೆಣ್ಣಾಗಿದ್ದುದರ ಪರಿಣಾಮವೆಂದೇ ಓದಬಹುದು. ಕಲ್ಕತ್ತಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿದ್ದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಈ ಅವಕಾಶವನ್ನು ಗುರುತಿಸಿದರು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಒಟ್ಟು 265 ಪಂಚಾಯಿತಿಗಳಿಂದ ಮಾಹಿತಿ ಕಲೆಹಾಕಿ ಅವರು 2004ರಲ್ಲಿ ಪ್ರಕಟಿಸಿದ ಪ್ರಬಂಧ ಇಂದು ಈ ಕ್ಷೇತ್ರದ ಅಡಿಗಲ್ಲು. ಊರಿನ ಹೆಂಗಸರು ಏನು ಬೇಕೆಂದು ಪಂಚಾಯಿತಿಗೆ ಅಹವಾಲು ತರುತ್ತಿದ್ದರೋ ಅದಕ್ಕೆ ಮಹಿಳಾ ಮುಖ್ಯಸ್ಥರು ಹೆಚ್ಚು ಹಣ ಹಾಕಿದ್ದರು. ಎರಡೂ ಕಡೆ ಕುಡಿಯುವ ನೀರಿನ ಕೆಲಸ ಹೆಚ್ಚಾಗಿತ್ತು. ರಸ್ತೆಯ ವಿಷಯದಲ್ಲಿ ಮಾತ್ರ ಎರಡು ಜಿಲ್ಲೆಗಳು ಬೇರೆಯಾದವು: ಬಂಗಾಳದಲ್ಲಿ ಹೆಂಗಸರೂ ರಸ್ತೆ ಕೇಳುತ್ತಿದ್ದರು, ಅಲ್ಲಿ ರಸ್ತೆಗಳಾದವು; ರಾಜಸ್ಥಾನದಲ್ಲಿ ಅದು ಗಂಡಸರ ಬೇಡಿಕೆಯಾಗಿತ್ತು, ಅಲ್ಲಿ ಕಡಿಮೆಯಾದವು. ಹೆಣ್ಣಿನ ನಾಯಕತ್ವವೆಂದರೆ ಕರುಣೆ, ಸಹನೆ ಎಂಬ ಹಳೆಯ ವರ್ಣನೆಗಿಂತ ಈ ಸಣ್ಣ ವ್ಯತ್ಯಾಸ ನನಗೆ ಹೆಚ್ಚು ಹೇಳುತ್ತದೆ. ಆ ಮುಖ್ಯಸ್ಥೆಯರು ತಮ್ಮ ಮುಂದೆ ನಿಂತವರ ಮಾತನ್ನು ಕೇಳಿಸಿಕೊಂಡಿದ್ದರು.

ಎಲ್ಲೆಡೆಯೂ ಇದೇ ಚಿತ್ರ ಸಿಕ್ಕಿತೆಂದು ಹೇಳಲಾರೆ. ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಇದನ್ನೇ ಪರೀಕ್ಷಿಸಿದಾಗ, ಮೀಸಲು ಸ್ಥಾನದ ಅಧ್ಯಕ್ಷೆಯರು ಬರೀ ಹೆಸರಿಗಷ್ಟೇ ಇದ್ದವರು ಎಂಬ ಆರೋಪಕ್ಕೆ ಆಧಾರ ಸಿಗಲಿಲ್ಲ. ಆದರೆ ಅಧ್ಯಕ್ಷೆಗೆ ರಾಜಕೀಯದ ಅನುಭವ ಎಷ್ಟಿದೆ, ಊರಿನಲ್ಲಿ ಮೇಲ್ಜಾತಿಯ ಹಿಡಿತ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಕೆಲಸದ ಗುಣ ಬಹಳವಾಗಿ ನಿಂತಿತ್ತು. ನಮ್ಮ ನೆಲದ ಬಗ್ಗೆ ತಿಳಿದವರಿಗೆ ಇದು ಹೊಸದಲ್ಲವಾದರೂ, ಅನುಭವ ಎಂಬ ಪದದ ಹತ್ತಿರ ನಾನು ಪ್ರತಿ ಸಲ ಓದುವಾಗಲೂ ನಿಲ್ಲುತ್ತೇನೆ. ಸರದಿ ಬದಲಾದೊಡನೆ ಮನೆಗೆ ಹೋಗಬೇಕಾದವಳಿಗೆ ಅನುಭವ ಕೂಡಿಬರುವುದು ಯಾವಾಗ?

ಇನ್ನು ನನ್ನನ್ನು ಅತಿಯಾಗಿ ಕಲಕಿದ ಅಧ್ಯಯನಕ್ಕೆ ಬರುತ್ತೇನೆ. ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್, ಸರ್ಕಾರಿ ಸೇವೆಗಳಿಗೆ ಜನರಿಂದಲೇ ಅಂಕಪಟ್ಟಿ ಕೊಡಿಸುವ ಪದ್ಧತಿಗೆ ಹೆಸರಾದದ್ದು. ಆ ಸಂಸ್ಥೆ ಶತಮಾನದ ತಿರುವಿನಲ್ಲಿ ದೇಶದ ಹಲವು ರಾಜ್ಯಗಳ ಸಾವಿರಾರು ಮನೆಗಳಿಗೆ ಹೋಗಿ ನೀರು, ಶಾಲೆ, ಆಸ್ಪತ್ರೆ, ಪಡಿತರ ಅಂಗಡಿಗಳ ಬಗ್ಗೆ ಕೇಳಿ ದಾಖಲಿಸಿತು. ಡುಫ್ಲೋ ಮತ್ತು ಪೆಟ್ಯಾ ಟೊಪಲೋವಾ ಆ ಅಂಕಿಗಳನ್ನು ತೆಗೆದುಕೊಂಡು, ಮೀಸಲಾದ ಊರುಗಳನ್ನು ಉಳಿದ ಊರುಗಳೊಂದಿಗೆ ಹೋಲಿಸಿದರು. ಹೆಣ್ಣುಮಕ್ಕಳು ಮುಖ್ಯಸ್ಥರಾಗಿದ್ದ ಊರುಗಳಲ್ಲಿ ಸೌಲಭ್ಯಗಳು ಹೆಚ್ಚಾಗಿದ್ದವು, ಅವುಗಳ ಗುಣಮಟ್ಟ ಕಡಿಮೆಯೇನೂ ಇರಲಿಲ್ಲ, ಲಂಚ ಕೊಟ್ಟೆವೆಂದು ಹೇಳಿದವರು ಕಡಿಮೆ ಇದ್ದರು. ಆದರೂ ಆ ಊರುಗಳ ಜನ ಸೇವೆಗಳ ಬಗ್ಗೆ ಕಡಿಮೆ ತೃಪ್ತಿ ತೋರಿಸಿದ್ದರು. ನಲ್ಲಿಯಲ್ಲಿ ನೀರು ಹೆಚ್ಚು ಬಂದಿತ್ತು, ಅಂಕಪಟ್ಟಿಯಲ್ಲಿ ಅಂಕ ಕಡಿಮೆ ಬಂದಿತ್ತು.

ಇದನ್ನು ಓದುವ ಹೊತ್ತಿಗೆ ನಾನು ಒಂದು ತಪ್ಪನ್ನು ಮಾಡಿ ಮುಗಿಸಿದ್ದೆ.

2003ರ ಬೇಸಿಗೆಯಲ್ಲಿ ನಾನು ಒಂದು ಸಣ್ಣ ಫೆಲೋಶಿಪ್‌ನಡಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ಮಹಿಳಾ ಅಧ್ಯಕ್ಷರ ಕಾರ್ಯವೈಖರಿಯ ಬಗ್ಗೆ ಪ್ರಶ್ನಾವಳಿ ಹಿಡಿದು ತಿರುಗಿದ್ದೆ. ಒಂದು ಊರಿನ ಅಧ್ಯಕ್ಷೆ ಪರಿಶಿಷ್ಟ ಜಾತಿಯ ಕೃಷಿ ಕೂಲಿಕಾರ ಮಹಿಳೆ. ಊರಿನ ಮೇಲುಗಡೆಗೆ ಮಾತ್ರ ಇದ್ದ ನೀರನ್ನು ಅವರು ಕಾಲೋನಿಯವರೆಗೆ ಪೈಪು ಎಳೆಸಿ, ಅಲ್ಲೊಂದು ತೊಂಬೆ ಕಟ್ಟಿಸಿದ್ದರು. ನಾನು ಜನರನ್ನು ಮಾತಾಡಿಸಿದ್ದು ಹೆಚ್ಚಾಗಿ ಆ ತೊಂಬೆಯ ಬಳಿಯಲ್ಲೇ, ಏಕೆಂದರೆ ಬೆಳಿಗ್ಗೆ ಅಲ್ಲಿ ಎಲ್ಲರೂ ಸಿಗುತ್ತಿದ್ದರು. ಅಧ್ಯಕ್ಷರ ಕೆಲಸಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರೆ ಎರಡು, ಮೂರು ಎನ್ನುತ್ತಿದ್ದರು. "ಅವಳಿಗೇನು ಗೊತ್ತಾಗುತ್ತೆ, ಎಲ್ಲ ಸೆಕ್ರೆಟರಿಯದೇ" ಎಂದು ಒಬ್ಬರು, ತೊಂಬೆ ಎಮ್ಮೆಲ್ಲೆ ಹೇಳಿ ಮಾಡಿಸಿದ್ದು ಎಂದು ಇನ್ನೊಬ್ಬರು. ಹೀಗೆ ಹೇಳಿದವರಲ್ಲಿ ಹೆಂಗಸರೂ ಇದ್ದರು, ಅವರ ಕೊಡ ನಲ್ಲಿಯ ಕೆಳಗೆ ತುಂಬುತ್ತಿತ್ತು. ನಾನು ಅಂಕಗಳನ್ನು ಬರೆದುಕೊಂಡೆ. ನನ್ನ ಪ್ರಶ್ನಾವಳಿಯಲ್ಲಿ ತೊಂಬೆಗೆ ಜಾಗವಿರಲಿಲ್ಲ.

ಅಧ್ಯಕ್ಷೆಯ ಮನೆಗೆ ಹೋದಾಗ ಬಾಗಿಲಲ್ಲಿ ಕುಳಿತಿದ್ದ ಅವರ ಗಂಡ ಬಹುಪಾಲು ಪ್ರಶ್ನೆಗಳಿಗೆ ತಾವೇ ಉತ್ತರ ಕೊಟ್ಟರು. ಅದನ್ನೂ ದಾಖಲಿಸಿದೆ. ಪೈಪಿನ ಅಂದಾಜು ಪಟ್ಟಿ ಮಂಜೂರಾಗುವವರೆಗೆ ಅವರು ತಾಲ್ಲೂಕು ಕಚೇರಿಗೆ ಎಷ್ಟು ಸಲ ಓಡಾಡಿದ್ದರು, ಓಡಾಡಿದ ದಿನಗಳ ಕೂಲಿ ಎಷ್ಟು ಹೋಗಿತ್ತು ಎಂಬುದನ್ನು ನಾನು ಕೇಳಲಿಲ್ಲ. ಫೆಲೋಶಿಪ್‌ನ ಅವಧಿ ಮುಗಿಯುತ್ತಾ ಬಂದಿತ್ತು. ಮತ್ತೊಂದು ಸಲ ಹೋಗಲು ಹಣವೂ ಇರಲಿಲ್ಲ, ರಜೆಯೂ ಇರಲಿಲ್ಲ. ವರದಿಯಲ್ಲಿ, ಮೀಸಲು ಸ್ಥಾನದ ಅಧ್ಯಕ್ಷೆಯರ ಕಾರ್ಯಕ್ಷಮತೆ ಕಡಿಮೆಯೆಂದೂ ಜನರ ತೃಪ್ತಿಯ ಅಂಕಗಳೇ ಅದಕ್ಕೆ ಸಾಕ್ಷಿಯೆಂದೂ ಬರೆದೆ. ಆ ವರದಿಯಿಂದ ತಯಾರಿಸಿದ ಪ್ರಬಂಧಕ್ಕೆ ವಿಚಾರ ಸಂಕಿರಣವೊಂದರಲ್ಲಿ ಉತ್ತಮ ಪ್ರಬಂಧವೆಂಬ ಪ್ರಶಸ್ತಿ ಬಂತು. ಮರದ ಚೌಕಟ್ಟಿನ ಆ ಫಲಕ ನನ್ನ ಕಪಾಟಿನಲ್ಲಿ ಈಗಲೂ ಇದೆ. ಅದನ್ನು ತೆಗೆದುಹಾಕುವುದು ತಪ್ಪನ್ನು ಅಡಗಿಸಿದಂತಾಗುತ್ತದೆ ಎಂದು ಹಾಗೆಯೇ ಇಟ್ಟುಕೊಂಡಿದ್ದೇನೆ.

ನಾನು ಎಲ್ಲಿ ಎಡವಿದ್ದೆ ಎಂಬುದನ್ನು ಪೂರ್ತಿಯಾಗಿ ತೋರಿಸಿಕೊಟ್ಟದ್ದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಲೋರಿ ಬೀಮನ್, ಚಟ್ಟೋಪಾಧ್ಯಾಯ, ಡುಫ್ಲೋ, ರೋಹಿಣಿ ಪಾಂಡೆ ಮತ್ತು ಟೊಪಲೋವಾ ಮತ್ತೆ ಬೀರ್‌ಭೂಮ್‌ಗೆ ಹೋದರು. ಗ್ರಾಮಸಭೆಯಲ್ಲಿ ಮುಖ್ಯಸ್ಥರು ಜನರ ಅಹವಾಲಿಗೆ ಉತ್ತರಿಸುವ ಒಂದು ಮಾತುಕತೆಯನ್ನು ಧ್ವನಿಮುದ್ರಿಸಿ, ಕೆಲವರಿಗೆ ಅದನ್ನು ಗಂಡಿನ ದನಿಯಲ್ಲಿಯೂ ಕೆಲವರಿಗೆ ಹೆಣ್ಣಿನ ದನಿಯಲ್ಲಿಯೂ ಕೇಳಿಸಿದರು. ಮಾತು ಒಂದಕ್ಷರವೂ ಬೇರೆಯಿರಲಿಲ್ಲ. ಹೆಣ್ಣು ಮುಖ್ಯಸ್ಥೆಯನ್ನು ಎಂದೂ ಕಾಣದ ಊರುಗಳ ಗಂಡಸರು ಹೆಣ್ಣಿನ ದನಿಯ ಮುಖ್ಯಸ್ಥೆಯನ್ನು ಕಡಿಮೆ ಸಮರ್ಥಳೆಂದು ಎಣಿಸಿದರು. ಮೀಸಲಾತಿಯ ಮೂಲಕ ಒಮ್ಮೆಯಾದರೂ ಮಹಿಳೆಯ ಆಡಳಿತವನ್ನು ಕಂಡ ಊರುಗಳಲ್ಲಿ ಈ ಅಂತರ ಇಲ್ಲವಾಗುತ್ತಾ ಬಂದಿತ್ತು. ಹೆಣ್ಣು ಆಳುವುದು ತಮಗೆ ಇಷ್ಟವಿಲ್ಲವೆಂಬ ಗಂಡಸರ ಭಾವನೆ ಮಾತ್ರ ಅಷ್ಟಾಗಿ ಅಲುಗಿರಲಿಲ್ಲ. ಇಷ್ಟವಿಲ್ಲದಿದ್ದರೂ ಸಮರ್ಥಳೆಂದು ಒಪ್ಪಿಕೊಳ್ಳುವುದನ್ನು ಅವರು ಕಲಿತಿದ್ದರು.

ಇದಕ್ಕಿಂತಲೂ ಮುಖ್ಯವಾದದ್ದು ಆ ಅಧ್ಯಯನದ ಇನ್ನೊಂದು ಭಾಗ. ತಮ್ಮ ಊರಿನ ನಿಜವಾದ ಮುಖ್ಯಸ್ಥೆಗೆ ಅಂಕ ಕೊಡುವಾಗ, ಮೊದಲ ಸಲ ಮೀಸಲಾತಿಯಿಂದ ಬಂದವಳಿಗೆ ಊರು ಕಡಿಮೆ ಅಂಕ ಕೊಟ್ಟಿತ್ತು. ಎರಡನೆಯ ಸರದಿಯಲ್ಲಿ ಬಂದವಳಿಗೆ ಆ ಕಡಿತ ಇರಲಿಲ್ಲ. ಎರಡು ಸರದಿ ಮೀಸಲಾಗಿದ್ದ ಕಡೆ, ಮೀಸಲಾತಿ ಇಲ್ಲದ ಸ್ಥಾನಗಳಿಗೂ ಮಹಿಳೆಯರು ಹೆಚ್ಚಾಗಿ ನಿಂತರು, ಗೆದ್ದರು. ಮೂರು ವರ್ಷಗಳ ಬಳಿಕ, 2012ರಲ್ಲಿ, ಇದೇ ತಂಡದ ಕೆಲವರು ಅದೇ ಜಿಲ್ಲೆಯ 495 ಹಳ್ಳಿಗಳ 11ರಿಂದ 15 ವರ್ಷದ ಮಕ್ಕಳು ಮತ್ತವರ ಹೆತ್ತವರನ್ನು ಮಾತಾಡಿಸಿ, ಎರಡು ಸರದಿ ಹೆಣ್ಣಿನ ಆಡಳಿತ ಕಂಡ ಊರುಗಳಲ್ಲಿ ಹುಡುಗ ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ಶೇಕಡಾ 32ರಷ್ಟು ತಗ್ಗಿದೆ ಎಂದು ತೋರಿಸಿದರು. ಓದಿನಲ್ಲಿದ್ದ ಅಂತರ ಅಲ್ಲಿ ಅಳಿಸಿಯೇ ಹೋಗಿತ್ತು, ಹುಡುಗಿಯರು ಮನೆಗೆಲಸದಲ್ಲಿ ಕಳೆಯುವ ಹೊತ್ತೂ ಕಡಿಮೆಯಾಗಿತ್ತು. ಒಂದೇ ಸರದಿ ಕಂಡ ಊರುಗಳಲ್ಲಿ ಇಂಥ ಬದಲಾವಣೆ ಎದ್ದು ಕಾಣಲಿಲ್ಲ. ಮಧುಗಿರಿಯ ಆ ತೊಂಬೆಯ ಬಳಿ ನಾನು ಬರೆದುಕೊಂಡ ಎರಡು, ಮೂರು ಎಂಬ ಅಂಕಗಳು ಆ ಅಧ್ಯಕ್ಷೆಯ ಕೆಲಸದ ಅಳತೆಯಾಗಿರಲಿಲ್ಲ. ಊರು ಮೊದಲ ಬಾರಿಗೆ ಒಬ್ಬ ಹೆಣ್ಣನ್ನು, ಅದರಲ್ಲೂ ಕಾಲೋನಿಯ ಹೆಣ್ಣನ್ನು, ಆ ಕುರ್ಚಿಯಲ್ಲಿ ನೋಡುತ್ತಿದ್ದುದರ ಅಳತೆ ಅದು.

ಈ ಅಧ್ಯಯನಗಳಿಗೆ ಮನ್ನಣೆ ಸಿಕ್ಕಿದ ಬಗೆಯನ್ನು ನೋಡಿ. ಡುಫ್ಲೋ ಅವರಿಗೆ 2009ರಲ್ಲಿ ಮೆಕಾರ್ಥರ್ ಫೆಲೋಶಿಪ್, 2010ರಲ್ಲಿ ಜಾನ್ ಬೇಟ್ಸ್ ಕ್ಲಾರ್ಕ್ ಪದಕ, 2014ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ ಕೊಡುವ ಇನ್ಫೋಸಿಸ್ ಪ್ರಶಸ್ತಿ, 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕೆಲ್ ಕ್ರೆಮರ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್. ರೋಹಿಣಿ ಪಾಂಡೆ ಅವರಿಗೆ ಅರ್ಥಶಾಸ್ತ್ರದಲ್ಲಿ ಮಹಿಳೆಯರ ಮುನ್ನಡೆಗೆ ದುಡಿದುದಕ್ಕಾಗಿ 2018ರಲ್ಲಿ ಕ್ಯಾರೊಲಿನ್ ಶಾ ಬೆಲ್ ಪ್ರಶಸ್ತಿ, 2022ರಲ್ಲಿ ಇನ್ಫೋಸಿಸ್ ಪ್ರಶಸ್ತಿ. ಇವು ಪಂಚಾಯಿತಿ ಅಧ್ಯಯನವೊಂದಕ್ಕೇ ಸಂದವುಗಳಲ್ಲ. ನೊಬೆಲ್ ಬಂದದ್ದು ಬಡತನ ನಿವಾರಣೆಯ ಕುರಿತ ಪ್ರಯೋಗಾತ್ಮಕ ವಿಧಾನಕ್ಕೆ. ಆದರೆ ಹಳ್ಳಿಯ ಹೆಣ್ಣುಮಕ್ಕಳ ನಾಯಕತ್ವವನ್ನು ಕುರಿತ ಸಂಶೋಧನೆ ಇವರಿಬ್ಬರ ಕೆಲಸದ ಹೊಳೆಯುವ ಭಾಗ. ಈ ಗೌರವಗಳಲ್ಲಿ ಯಾವುದೂ ಅನರ್ಹವೆಂದು ನನಗೆ ಅನಿಸಿಲ್ಲ. ನೊಬೆಲ್ ಘೋಷಣೆಯಾದ ಸಂಜೆ ನನ್ನ ಮನೆಯಲ್ಲಿ ಹಬ್ಬದ ಸಂಭ್ರಮವಿತ್ತು.

ಆದರೂ ಎರಡು ಮಾತು ಹೇಳಬೇಕೆನಿಸುತ್ತದೆ. ಮೊದಲನೆಯದು, ಚಟ್ಟೋಪಾಧ್ಯಾಯರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಒಂದು ನೊಬೆಲನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲ ಎಂಬುದು ನಿಯಮ, ಅದನ್ನು ದೂರುತ್ತಿಲ್ಲ. ಬೀರ್‌ಭೂಮ್‌ನ ಹಾದಿಗಳಲ್ಲಿ ಪ್ರಶ್ನಾವಳಿ ಹೊತ್ತು ನಡೆದ ಸಮೀಕ್ಷಕರ ಹೆಸರುಗಳಂತೂ ಪ್ರಬಂಧದ ಕೃತಜ್ಞತೆಯ ಸಾಲುಗಳನ್ನು ದಾಟಿ ಬರುವುದಿಲ್ಲ. ಈ ಕೆಲಸವನ್ನು ಒಮ್ಮೆ ಮಾಡಿದವರಿಗೆ ಗೊತ್ತು, ಒಂದು ಮನೆಯ ಜಗಲಿಯಲ್ಲಿ ಕುಳಿತು ಸರಿಯಾದ ಪ್ರಶ್ನೆಯನ್ನು ಸರಿಯಾದ ದನಿಯಲ್ಲಿ ಕೇಳುವುದರ ಮೇಲೆ ಮುಂದಿನದ್ದೆಲ್ಲ ನಿಂತಿರುತ್ತದೆ. ಎರಡನೆಯದು, ಪ್ರಶಸ್ತಿಗಳು ಯಾವ ಬಗೆಯ ಸಂಶೋಧನೆಯನ್ನು ಕಾಣುತ್ತವೆ, ಯಾವುದನ್ನು ಕಾಣುವುದಿಲ್ಲ ಎಂಬುದು. ಇದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ.

ಕೃಪಾ ಅನಂತಪುರ್, ಕಬೀರ್ ಮಲಿಕ್ ಮತ್ತು ವಿಜಯೇಂದ್ರ ರಾವ್ ಗ್ರಾಮೀಣ ಕರ್ನಾಟಕದಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ ಕೆಲವು ಪಂಚಾಯಿತಿಗಳ ಜನರಿಗೆ ನಾಗರಿಕ ತರಬೇತಿ ಕೊಟ್ಟು, ಗ್ರಾಮಸಭೆಗಳಲ್ಲಿ ಭಾಗವಹಿಸಲು ನೆರವಾಗಿ, ಅವನ್ನು ತರಬೇತಿಯಿಲ್ಲದ ಇತರ ಪಂಚಾಯಿತಿಗಳೊಂದಿಗೆ ಹೋಲಿಸಲಾಯಿತು. ಅಂಕಿ ಅಂಶಗಳಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ. ಸಾಮಾನ್ಯವಾಗಿ ಇಂಥ ಅಧ್ಯಯನದ ಕತೆ ಇಲ್ಲಿಗೆ ಮುಗಿದು, ಕಡತ ಕಪಾಟು ಸೇರುತ್ತದೆ. ಇವರು ಹಾಗೆ ಮಾಡದೆ, ಸುಮಾರು ಹತ್ತನೆಯ ಒಂದು ಭಾಗದಷ್ಟು ಪಂಚಾಯಿತಿಗಳಲ್ಲಿ ನಾಲ್ಕು ವರ್ಷ ಕಾಲ ನಡೆಸಿದ ಕ್ಷೇತ್ರ ವೀಕ್ಷಣೆಯನ್ನು ಮುಂದಿಟ್ಟುಕೊಂಡು, ಪರಿಣಾಮ ಏಕೆ ಕಾಣಲಿಲ್ಲ ಎಂದು ಬಿಡಿಸಿ ಹೇಳಿದರು. ತರಬೇತಿ ಕೊಡುವವರ ಗುಣಮಟ್ಟ ಊರಿನಿಂದ ಊರಿಗೆ ಬೇರೆಯಾಗಿತ್ತು, ಮೇಲಿನಿಂದ ಬೆಂಬಲ ಸಾಲದಾಗಿತ್ತು, ಬಹುಕಾಲದ ಅಸಮಾನತೆ ಜಗ್ಗಿರಲಿಲ್ಲ. ತಮ್ಮ ಪ್ರಯೋಗ ಸೋತಿತೆಂಬುದನ್ನು ಪ್ರಬಂಧದ ತಲೆಬರಹದಲ್ಲೇ ಹೇಳಿಕೊಂಡ ಆ ಪ್ರಾಮಾಣಿಕತೆ ನನ್ನನ್ನು ತುಂಬ ಮುಟ್ಟಿತು. ಪಂಚಾಯಿತಿಯ ಬಗ್ಗೆ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದುದು ಇದನ್ನೇ. ಅರ್ಜಿಯ ಅಂಕಣದಲ್ಲಿ ನಿರೀಕ್ಷಿತ ಫಲಿತಾಂಶವನ್ನು ಮೊದಲೇ ಬರೆಯಬೇಕಾದ ಪದ್ಧತಿಯಲ್ಲಿ ಇಂಥ ಅಧ್ಯಯನಕ್ಕೆ ಎಡೆಯಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಪ್ರಶಸ್ತಿಗಿಂತ ಫೆಲೋಶಿಪ್ ದೊಡ್ಡದು. ಪ್ರಶಸ್ತಿ ಬರುವುದು ಕೆಲಸ ಮುಗಿದು, ಲೋಕ ಅದನ್ನು ಒಪ್ಪಿದ ಮೇಲೆ. ಅಂದರೆ ಅದು ಎರಡನೆಯ ಸರದಿಯ ಅಂಕ. ಮೊದಲ ಸರದಿಯಲ್ಲಿ ಯಾರೂ ನಂಬದ ಹೊತ್ತಿನಲ್ಲಿ ಕೈ ಹಿಡಿಯಬೇಕಾದದ್ದು ಫೆಲೋಶಿಪ್. ಪ್ರಶಸ್ತಿ ಪಡೆದವರಿಗೇ ಇದು ಚೆನ್ನಾಗಿ ತಿಳಿದಿದೆ. ನೊಬೆಲ್ ಘೋಷಣೆಯಾದ ದಿನ ಡುಫ್ಲೋ ಅವರು, ಮೇರಿ ಕ್ಯೂರಿ ನೊಬೆಲ್ ಹಣದಲ್ಲಿ ಒಂದು ಗ್ರಾಂ ರೇಡಿಯಂ ಕೊಂಡರೆಂದು ಬಾಲ್ಯದಲ್ಲಿ ಓದಿದ್ದನ್ನು ನೆನೆದು, ತಮ್ಮ ಮೂವರ ಪಾಲಿನ ಆ ಒಂದು ಗ್ರಾಂ ರೇಡಿಯಂ ಯಾವುದೆಂದು ಕೂತು ಯೋಚಿಸಬೇಕು ಎಂಬ ಅರ್ಥದಲ್ಲಿ ಮಾತಾಡಿದ್ದರು. ಕೊನೆಗೆ ಮೂವರೂ ಆ ಹಣವನ್ನು ಅಭಿವೃದ್ಧಿ ಅರ್ಥಶಾಸ್ತ್ರದ ಸಂಶೋಧನೆಗೆ ನೆರವಾಗುವ ವೈಸ್ ಫಂಡ್‌ಗೆ ಕೊಟ್ಟರು. ಅವರಿಗಿಂತ ಹತ್ತು ವರ್ಷ ಮೊದಲು ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಕೂಡ ತಮ್ಮ ಪಾಲನ್ನು ಇಂಡಿಯಾನಾ ವಿಶ್ವವಿದ್ಯಾಲಯದ ತಮ್ಮ ಸಂಶೋಧನಾ ಕಮ್ಮಟಕ್ಕೆ ಬಿಟ್ಟುಕೊಟ್ಟಿದ್ದರು. ಇನ್ಫೋಸಿಸ್ ಪ್ರಶಸ್ತಿಯೂ 2024ರಿಂದ 40 ವರ್ಷದೊಳಗಿನ ಸಂಶೋಧಕರಿಗೆ ಮೀಸಲಾಗಿರುವುದು ನನಗೆ ಸಂತೋಷ ತಂದ ಸುದ್ದಿ.

ನಮ್ಮಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ 1969ರಿಂದ ಫೆಲೋಶಿಪ್‌ಗಳನ್ನು ಕೊಡುತ್ತಿದೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ವಿಕೇಂದ್ರೀಕರಣದ ಅಧ್ಯಯನಕ್ಕೆ ದೊಡ್ಡ ನೆಲೆ. ಮೈಸೂರಿನಲ್ಲಿ ಹುಟ್ಟಿದ ದೇವಕಿ ಜೈನ್ ಅವರು 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನದ ಗಂಟೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿಸಿ, ಜನಗಣತಿಯ ಕಣ್ಣಿಗೆ ಬೀಳದ ಅವರ ದುಡಿಮೆಯನ್ನು ಎತ್ತಿ ತೋರಿಸಿದ್ದರು. ಮುಂದೆ 1996ರಲ್ಲಿ ಪಂಚಾಯಿತಿಗಳನ್ನು ಮಹಿಳೆಯರು ಹೇಗೆ ಬದಲಿಸುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ ಬರೆದರು. ಅವರಿಗೆ ಪದ್ಮಭೂಷಣ ಬಂದದ್ದು 2006ರಲ್ಲಿ. ಲೆಕ್ಕಕ್ಕೆ ಸಿಗದ್ದನ್ನು ಲೆಕ್ಕಕ್ಕೆ ತರುವ ಈ ಕೆಲಸದ ಹಿಂದೆ ಇಷ್ಟು ಉದ್ದದ ಪರಂಪರೆ ಇರುವಾಗ, ಹನ್ನೆರಡು ತಿಂಗಳ ಅವಧಿಯ ಫೆಲೋಶಿಪ್ ಕೊಟ್ಟು, ಒಮ್ಮೆ ಹೋಗಿ ಬಂದು ವರದಿ ಬರೆಯಿರಿ ಎನ್ನುವುದು ಸರಿಯಲ್ಲ. ಎರಡನೆಯ ಸಲ ಹೋಗುವ ಹಣವನ್ನು ಮೊದಲೇ ತೆಗೆದಿಡಬೇಕು. ಬರೆದದ್ದು ಆ ಊರಿನವರಿಗೆ ಓದಲು ಬರುವ ಕನ್ನಡದಲ್ಲಿಯೂ ಇರಬೇಕು, ಅದು ಪಂಚಾಯಿತಿಗೆ ಮರಳಿ ತಲುಪಬೇಕು. ನನ್ನ ವರದಿ ಇಂಗ್ಲಿಷಿನಲ್ಲಿತ್ತು, ಅದರ ಪ್ರತಿ ಆ ಪಂಚಾಯಿತಿಗೆ ಹೋಗಲೇ ಇಲ್ಲ.

ನೊಬೆಲ್ ಸುದ್ದಿ ಬಂದ ಎರಡು ವಾರಕ್ಕೆ, ದೀಪಾವಳಿಯ ರಜೆಯಲ್ಲಿ, ನಾನು ಆ ಊರಿಗೆ ಹೋದೆ. ಹದಿನಾರು ವರ್ಷ ಕಳೆದಿತ್ತು. ತೊಂಬೆ ಇತ್ತು, ಸುಣ್ಣ ಬಳಿದಿದ್ದರು, ನೀರು ಬರುತ್ತಿತ್ತು. ಹಿಂದಿನ ಅಧ್ಯಕ್ಷೆಯನ್ನು ಹುಡುಕಿಕೊಂಡು ಹೋದಾಗ ಅವರು ಉದ್ಯೋಗ ಖಾತರಿಯ ಕೆಲಸ ಮುಗಿಸಿ ಆಗ ತಾನೇ ಬಂದಿದ್ದರು. ಮೊದಲಿಗೆ ನನ್ನ ಗುರುತು ಹತ್ತಲಿಲ್ಲ. 2003ರಲ್ಲಿ ನಾನು ಏನು ಬರೆದೆ, ಅದು ಹೇಗೆ ತಪ್ಪಾಗಿತ್ತು ಎಂದು ಹೇಳಿದೆ. ಬಂಗಾಳದ ಎರಡು ದನಿಗಳ ಪ್ರಯೋಗವನ್ನೂ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಅದನ್ನ ಗಂಡಸರ ದನೀಲಿ ಓದಿದ್ದಕ್ಕೆ ಎಷ್ಟು ಜಾಸ್ತಿ ಹಾಕಿದ್ರು?" ಎಂದು ಕೇಳಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದರು. ಅದರಲ್ಲಿ ಪೈಪಿನ ಕಾಮಗಾರಿಗೆ ಅವರು ಕೊಟ್ಟಿದ್ದ ಮನವಿಗಳ ಪ್ರತಿಗಳಿದ್ದವು, ಪ್ರತಿಯೊಂದರ ಮೇಲೂ ಕಚೇರಿಯ ಸ್ವೀಕೃತಿಯ ಮೊಹರು. ಹನ್ನೊಂದು ಇದ್ದವು. ಪ್ರತಿ ಕಾಗದದ ಕೆಳಗೂ ಅವರದೇ ಸಹಿ, ಮೊದಮೊದಲು ತಡವರಿಸಿದ ಅಕ್ಷರಗಳಲ್ಲಿ, ಕೊನೆಯವುಗಳಲ್ಲಿ ಒಂದೇ ಎಳೆತದಲ್ಲಿ. ಆಮೇಲೆ ಆ ಸ್ಥಾನ ಸಾಮಾನ್ಯ ವರ್ಗಕ್ಕೆ ಹೋಯಿತು. ಅವರು ಒಮ್ಮೆ ನಿಲ್ಲಬೇಕೆಂದು ಯೋಚಿಸಿದ್ದರಂತೆ, ಮನೆಯಲ್ಲಿ ಒಪ್ಪಲಿಲ್ಲವಂತೆ.

2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೆ 2020ರ ಡಿಸೆಂಬರಿನಲ್ಲಿ ಚುನಾಯಿತವಾದ ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನ 30 ತಿಂಗಳಿಗೊಮ್ಮೆ ಕೈ ಬದಲಾಯಿಸಿತು. ಊರು ಒಬ್ಬ ಅಧ್ಯಕ್ಷೆಯನ್ನು ನೋಡಿ ರೂಢಿಯಾಗುವ ಮೊದಲೇ, ಅಂದಾಜು ಪಟ್ಟಿ ಓದಲು ಅವಳು ಕಲಿಯುವ ಮೊದಲೇ ಸರದಿ ಮುಗಿದಿರುತ್ತದೆ. ಹೆಚ್ಚು ವರ್ಗಗಳಿಗೆ ಅವಕಾಶ ಸಿಗಲಿ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಆ ಅವಕಾಶ ಎಂಥದ್ದಾಗಿತ್ತು ಎಂದು ಇಳಿದವರನ್ನೇ ಹೋಗಿ ಕೇಳಿದ ಅಧ್ಯಯನಗಳು ನಮಗೆ ಇನ್ನೂ ಬೇಕು. ನನ್ನ ವಿದ್ಯಾರ್ಥಿನಿ ಹೊರಟಿರುವುದು ಅದಕ್ಕಾಗಿಯೇ.

ಶಿಫಾರಸು ಪತ್ರದಲ್ಲಿ ನಾನು ಇದನ್ನೆಲ್ಲ ಎರಡು ಪುಟದಲ್ಲಿ ಬರೆದೆ. ಖಾಲಿ ಬಿಟ್ಟ ಮೊದಲ ಅಂಕಣಕ್ಕೆ, ಫಲಿತಾಂಶ ಮೊದಲೇ ತಿಳಿದಿಲ್ಲವಾದ್ದರಿಂದಲೇ ಈ ಅಧ್ಯಯನ ಬೇಕಾಗಿದೆ ಎಂದು ಬರೆಯಲು ಹೇಳಿದೆ. ಎರಡನೆಯ ಅಂಕಣದಲ್ಲಿ ಹನ್ನೆರಡು ತಿಂಗಳ ಬದಲು ಮೂರು ವರ್ಷ, ಪ್ರತಿ ಊರಿಗೂ ಕನಿಷ್ಠ ಎರಡು ಭೇಟಿ, ಎರಡರ ನಡುವೆ ಒಂದು ವರ್ಷದ ಅಂತರ ಎಂದು ಕೇಳಿಕೊಳ್ಳಲು ಸೂಚಿಸಿದೆ. ಒಪ್ಪದಿದ್ದರೆ ಎಂದು ಅವಳು ಕೇಳಿದಳು. ಬೇರೆ ಕಡೆಗೂ ಅರ್ಜಿ ಹಾಕೋಣ, ಪತ್ರ ಮತ್ತೆ ಬರೆದುಕೊಡುತ್ತೇನೆ ಎಂದೆ. ಹೊರಡುವ ಮುನ್ನ ಅವಳು ತಾನು ಹೋಗಬೇಕೆಂದುಕೊಂಡಿರುವ ಹದಿನೆಂಟು ಪಂಚಾಯಿತಿಗಳ ಪಟ್ಟಿಯನ್ನು ತೋರಿಸಿದಳು. ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಹತ್ತೊಂಬತ್ತನೆಯದಾಗಿ ಆ ತೊಂಬೆಯ ಊರಿನ ಹೆಸರನ್ನು ನಾನೇ ಬರೆದೆ.